ನವಣೆ ಚೀಲದ ಜೊತೆ ಬಂದ ಫಲಕ

ಕೃಷಿ ವಿಶ್ವವಿದ್ಯಾಲಯದ ಬೀಜದ ಅಂಗಡಿ ಮುಂದೆ ರೈತರ ಪಾಳಿ ಹನುಮಂತನ ಬಾಲದಂತೆ ಬೆಳೆದಿತ್ತು. ಒಳಗೆ ಉಳಿದದ್ದು ಹೊಸ ತಳಿಯ ನವಣೆ, ಅದೂ ಒಂದೇ ಚೀಲ. ಅಷ್ಟರಲ್ಲಿ ಪಂಚಾಯ್ತಿಯ ಮಾಜಿ ಮೆಂಬರ್ ಅಂದಾನೆಪ್ಪನವರ ಕಾರು ಬಾಗಿಲಿಗೇ ಬಂದು ನಿಂತಿತು.

"ಏ ಫಕ್ಕೀರವ್ವ, ಆ ಚೀಲ ಡಿಕ್ಕಿಯೊಳಗ ಹಾಕಸು. ಡಾಕ್ಟರು ನವಣಿ ಅನ್ನ ಉಣ್ಣು ಅಂದಾರ."

ಪಾಳಿಯಲ್ಲಿ ಗೊಣಗಾಟ ಎದ್ದಿತು. ಅಂಗಡಿಯ ಅಟೆಂಡರ್ ಫಕ್ಕೀರವ್ವ ಮಾತ್ರ ನಕ್ಕಳು. "ಒಯ್ಯರಿ ಸಾಹೇಬ್ರ" ಎಂದು ಚೀಲದ ಮೇಲೆ 'ವಿಶ್ವವಿದ್ಯಾಲಯದ ಹೊಸ ತಳಿಯ ಮಾದರಿ ಹೊಲ' ಎಂದು ಬರೆದ ತಗಡಿನ ಫಲಕ ಇಟ್ಟಳು.

"ಇದ್ಯಾಕ?"

"ಹೊಸ ಬೀಜ ಒಯ್ದವರು ಹೊಲದಾಗ ಇದನ್ನ ನೆಡಬೇಕ್ರಿ. ತೆನಿ ಬಂದಾಗ ನಮ್ಮ ವಿಜ್ಞಾನಿಗಳು ಬಸ್ ತುಂಬ ರೈತರನ್ನ ಕರಕೊಂಡು ಬೆಳಿ ನೋಡಾಕ ಬರತಾರ. ಅವತ್ತಿನ ಊಟ ನಿಮ್ಮದ."

ಅಂದಾನೆಪ್ಪ ಬೆವರಿದರು. "ಹೊಲ ಎಲ್ಲೈತಿ? ಎಲ್ಲಾ ಸೈಟು ಮಾಡಿ ಮಾರೇನಿ!"

"ಹಂಗಾರ ಒಂದು ಹಿಡಿ ಒಯ್ದು ಮನಿ ಮುಂದಿನ ಕುಂಡದಾಗ ಹಾಕ್ರಿ. ಬಸ್ ಅಲ್ಲಿಗೇ ಕಳಸ್ತೀವಿ."

ಪಾಳಿಯೆಲ್ಲ ಗೊಳ್ಳೆಂದಿತು. ಚೀಲವನ್ನು ಅಲ್ಲೇ ಬಿಟ್ಟು, ತೆರೆದ ಡಿಕ್ಕಿಯನ್ನೂ ಮುಚ್ಚದೆ ಕಾರು ಹೊರಟೇ ಹೋಯಿತು.

ಬೀಜವನ್ನು ರೈತರು ಸಮನಾಗಿ ಹಂಚಿಕೊಂಡರು. ಜಗಳವಾದದ್ದು ಫಲಕಕ್ಕೆ. ಬಸ್ಸಿನವರಿಗೆಲ್ಲ ಊಟ ಹಾಕಿದರೂ ಸರಿ, ಅದು ತನ್ನ ಹೊಲದಲ್ಲೇ ನಿಲ್ಲಬೇಕು ಅಂತ ಪ್ರತಿಯೊಬ್ಬನ ಹಟ.