ಹೆಗ್ಗಣ ಕರೆದದ್ದು ಯಾರನ್ನು

ಬೇಟೆಗಾರರು ಬೇಲಿಯಂಚಿನ ಕಾಲುದಾರಿಯಲ್ಲಿ ಉರುಳು ಒಡ್ಡತೊಡಗಿದಾಗ, ಅದರಿಂದ ಪಾರಾಗುವ ವಿದ್ಯೆ ಬಲ್ಲ ಮುದಿ ಹೆಗ್ಗಣವೊಂದು ಪಾಠ ಹೇಳಲು ನಿಂತಿತು. "ಚೂಪು ಹಲ್ಲಿನ ಅಣ್ಣತಮ್ಮಂದಿರೇ, ಬನ್ನಿ!" ಎಂದು ಕೂಗಿತು. ಕೇಳಲು ಬಂದಿದ್ದ ಕೌಜುಗ ಹಕ್ಕಿಗಳಾದ ಅಕ್ಕ ತಂಗಿಯರಿಬ್ಬರು, "ಇದು ನಮಗಲ್ಲ" ಎಂದು ಹಿಂದಿರುಗಿದರು.

ಮೂರನೆಯ ದಿನ ಅಕ್ಕನ ಕೊರಳು ಉರುಳಿಗೆ ಸಿಕ್ಕಿತು. ತಂಗಿ ಹೋಗಿ ಹೆಗ್ಗಣವನ್ನು ಕರೆತರುವಷ್ಟರಲ್ಲಿ, ಜಗ್ಗಾಡಿ ಜಗ್ಗಾಡಿ ಅಕ್ಕನ ಉಸಿರು ನಿಂತಿತ್ತು.

"ಎಳೆದರೆ ಬಿಗಿಯುತ್ತದೆ, ಎರಡು ಹೆಜ್ಜೆ ಹಿಂದೆ ಸರಿದರೆ ಸಡಿಲವಾಗುತ್ತದೆ. ಪಾಠ ಇಷ್ಟೇ ಇತ್ತು. ಯಾಕೆ ಬರಲಿಲ್ಲ, ತಾಯಿ?" ಎಂದಿತು ಹೆಗ್ಗಣ.

"ಬಂದಿದ್ದೆವು ಗುರುಗಳೇ. ನಮಗೆ ಹಲ್ಲಿಲ್ಲ. ನಾವು ಅಣ್ಣತಮ್ಮಂದಿರೂ ಅಲ್ಲ."

"ಅದು ನನ್ನ ಮಾತಿನ ರೂಢಿಯಮ್ಮ. ನಾನು ಯಾರನ್ನೂ ತಡೆಯಲಿಲ್ಲವಲ್ಲ."

"ತಡೆಯಲಿಲ್ಲ. ಕರೆಯಲೂ ಇಲ್ಲ."

ಹೆಗ್ಗಣ ತಲೆ ತಗ್ಗಿಸಿತು. ಆ ಪಾಠಕ್ಕೆ ಹಲ್ಲು ಬೇಕಾಗಿಯೇ ಇರಲಿಲ್ಲ ಎಂಬುದು ಅದಕ್ಕೆ ಆಗ ಹೊಳೆಯಿತು.

ಮರುದಿನ ಅದು, "ಈ ದಾರಿಯಲ್ಲಿ ಓಡಾಡುವವರೆಲ್ಲ ಬನ್ನಿ" ಎಂದು ಕೂಗಿತು. ಮೊಲ ಬಂತು, ಮುಂಗುಸಿ ಬಂತು, ಉಡವೂ ಬಂತು. ತಂಗಿ ಕೌಜುಗ ಎಲ್ಲರಿಗಿಂತ ಮುಂದೆ, ತನ್ನ ಪಕ್ಕದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ ಬಿಟ್ಟು ಕುಳಿತಳು.