ಕೌದಿ ಹೊಲಿಯುತ್ತ ಕಲಿತ ಬರ್ಮಾ ಮಾತು

ಕಣವಿಹಾಳದ ಪರಮಪೂಜ್ಯ ಶಾಂತವೀರಮ್ಮ ತಾಯಿಯವರು ಗದ್ದುಗೆ ಏರಿ ಕುಳಿತದ್ದನ್ನು ಕಂಡವರಿಲ್ಲ. ಮಠದ ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಹರಡಿಕೊಂಡು ಬಡವರ ಕೂಸುಗಳಿಗೆ ಕೌದಿ ಹೊಲಿಯುತ್ತ ಕೂಡುವುದೇ ಅವರ ಪೂಜೆ. ಸಾಲೆಯ ಮೆಟ್ಟಿಲು ಹತ್ತಿದವರಲ್ಲ, ಹೆಬ್ಬೆಟ್ಟೇ ಅವರ ಸಹಿ.

ಅಂಥವರು ಮಠದಲ್ಲಿದ್ದ ಬರ್ಮಾದ ಹೆಂಗಸೊಬ್ಬಳ ಜೊತೆ ಬರ್ಮಾ ಭಾಷೆ ಆಡುತ್ತಿದ್ದಾರೆಂಬ ಸುದ್ದಿ ಕಿವಿಗೆ ಬಿದ್ದಾಗ ರಾಚಪ್ಪ ಮಾಸ್ತರರು ನಕ್ಕುಬಿಟ್ಟರು. ನಗದೆ ಏನು ಮಾಡಿಯಾರು? ಇಂಗ್ಲಿಷು, ಮರಾಠಿ, ಸಂಸ್ಕೃತ ಮೂರನ್ನೂ ವರ್ಷಗಟ್ಟಲೆ ಗಂಟಲು ಹರಿದುಕೊಂಡು ಕಲಿತ ಮನುಷ್ಯ! ನಗು ನಿಂತ ಮೇಲೆ ಸಿಟ್ಟು ಬಂತು. ಯಾಕೆಂದರೆ ಆ ಬರ್ಮಾದವಳು ಅವರ ತಮ್ಮನ ಹೆಂಡತಿ, ಮನೆತನದ ಮಾತು ಊರ ಬಾಯಿಗೆ ಬಿದ್ದಿತ್ತು.

ತಮ್ಮ ದುಂಡಪ್ಪ ಬರ್ಮಾದ ಯುದ್ಧಕ್ಕೆ ಹೋದವನು ಆಕೆಯ ಕೈಹಿಡಿದು ಕರೆತಂದಿದ್ದ. ಎರಡೇ ವರ್ಷಕ್ಕೆ ವಿಷಮಜ್ವರದಲ್ಲಿ ತೀರಿಕೊಂಡ. ಆಮೇಲಿನ ಐದು ವರ್ಷ ಆಕೆಯ ಮಾತು ತಿಳಿಯುವವರು ಸುತ್ತ ಹತ್ತು ಹಳ್ಳಿಯಲ್ಲಿ ಒಬ್ಬರೂ ಇರಲಿಲ್ಲ. ಆಕೆಗೆ ಬಂದ ಕನ್ನಡವೆಂದರೆ ‘ನೀರು ತಾ’, ‘ಕಸ ಹೊಡಿ’, ‘ಸುಮ್ಮನಿರು’. ಮನೆಯವರು ಆಕೆಯೊಡನೆ ಆಡಿದ್ದೇ ಅಷ್ಟು. ಪಾಪ, ಗೋಡೆಗೆ, ಎಮ್ಮೆಗೆ, ಒಲೆಯ ಬೆಂಕಿಗೆ ತನ್ನ ಮಾತಿನಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಸಂಜೆ ಮಾಸ್ತರರು ಸಾಲೆಯಿಂದ ಬಂದರೆ ಬಾಗಿಲಲ್ಲಿ ನಿಂತು ದಿನಾ ಅದೇ ಮಾತು ವಟಗುಟ್ಟುತ್ತಿದ್ದಳು. “ಮಾಟ ಮಾಡಾಕತ್ಯಾಳ” ಎಂದು ಮನೆಯ ಮುದಿ ಸೋದರತ್ತೆ ಹೆದರಿದ್ದಕ್ಕೆ, ದೆವ್ವ ಬಿಡಿಸಲೆಂದು ಮಠದಲ್ಲಿ ಬಿಟ್ಟುಬಂದದ್ದಾಗಿತ್ತು. ಆರು ತಿಂಗಳು ಕಳೆದವು. ಇನ್ನು ಹುಚ್ಚರ ಆಸ್ಪತ್ರೆಗೆ ಸೇರಿಸುವುದೇ ಸರಿ ಎಂದು ಮಾಸ್ತರರು ಡಾಕ್ಟರರ ಚೀಟಿ ಕಿಸೆಯಲ್ಲಿಟ್ಟುಕೊಂಡು ಹೊರಟರು.

ಪಡಸಾಲೆಯಲ್ಲಿ ಒಂದೇ ಕೌದಿಯ ಎರಡು ಅಂಚಿಗೆ ಇಬ್ಬರೂ ಕೂತಿದ್ದರು. ಆಕೆ ಏನೋ ಅಂದಳು, ತಾಯಿಯವರು ಏನೋ ಅಂದರು, ಆಕೆ ನಕ್ಕಳು. ತಮ್ಮ ಸತ್ತ ಮೇಲೆ ಮಾಸ್ತರರು ಆ ನಗು ಕೇಳಿರಲಿಲ್ಲ.

“ಇದು ಯಾವ ಸಿದ್ಧಿರೀ ಅವ್ವಾರ? ಯಾವ ಮಂತ್ರ?” ಎಂದರು ಮಾಸ್ತರರು, ಕೊಂಕಿನಿಂದ.

“ಎಲ್ಲೀ ಮಂತ್ರೋ ಯಪ್ಪಾ! ಆಕಿ ಮಾತಾಡಿದಳು, ನಾ ಕೇಳಿದೆ. ಸೂಜಿ ತೋರಿಸಿ ಇದಕ್ಕೇನಂತಿ ಅಂದೆ, ಹೇಳಿದಳು.”

ಮಾಸ್ತರರು ಬಿಡಲಿಲ್ಲ. ಹಾಗಾದರೆ ಆಕೆ ದಿನಾ ಸಂಜೆ ತನಗೆ ಹಾಕುತ್ತಿದ್ದ ಶಾಪವೇನೆಂದು ಹೇಳಿರಿ ಎಂದು ಸವಾಲು ಹಾಕಿ, ನೆನಪಿದ್ದಷ್ಟನ್ನು ಒದರಿದರು: “ತಮಿನ್ ಸಾ ಪೀಬೀಲಾ.”

ತಾಯಿಯವರು ಸೂಜಿ ಕೆಳಗಿಟ್ಟರು. “ಊಟ ಆತೇನು ಅಂತ ಕೇಳ್ಯಾಳಪಾ. ಅವರ ಕಡೆ ಹಂಗ ಮಾತಾಡಸ್ತಾರಂತ.”

ಮಾಸ್ತರರ ಕೈ ಕಿಸೆಯ ಚೀಟಿಗೆ ಹೋಯಿತು. ಹೆಂಡತಿ ಸತ್ತು ಒಂಬತ್ತು ವರ್ಷವಾಗಿತ್ತು. ಉಂಡೆಯಾ ಎಂದು ತನ್ನನ್ನು ಕೇಳುವವರೇ ಇಲ್ಲವಲ್ಲ ಎಂದು ಎಷ್ಟು ಸಂಜೆ ಒಬ್ಬರೇ ಕೂತು ಕಣ್ಣೀರು ಹಾಕಿದ್ದರೋ! ಕೇಳುವವಳು ಐದು ವರ್ಷವೂ ಬಾಗಿಲಲ್ಲೇ ನಿಂತಿದ್ದಳು. ಅವರು ಡಾಕ್ಟರರ ಚೀಟಿಯನ್ನು ಹರಿದು ತಾಯಿಯವರ ಪಾದದ ಬಳಿ ಹಾಕಿದರು.

ಆಕೆಯ ಕ್ಷಮೆ ಕೇಳೋಣವೆಂದು ಬಾಯಿ ತೆರೆದರೆ, ಕರೆಯಲು ಹೆಸರೇ ಇಲ್ಲ. ಏಳು ವರ್ಷ ಒಂದೇ ಸೂರಿನಡಿ ಇದ್ದವಳ ಹೆಸರು! ತಮ್ಮ ಕರೆದದ್ದನ್ನು ಅವರು ಕಿವಿಗೆ ಹಾಕಿಕೊಂಡವರಲ್ಲ, ಎಲ್ಲರ ಹಾಗೆ ‘ಬರ್ಮಾದಾಕಿ’ ಎಂದೇ ದಿನ ದೂಡಿದ್ದರು.

“ಆಕಿ ಹೆಸರೇನ್ರೀ ಅವ್ವಾರ?”

“ನನಗ್ಯಾಕ ಕೇಳ್ತಿ? ಆಕಿ ಇಲ್ಲೇ ಕುಂತಾಳಲ್ಲ.”

ಹೇಗೆ ಕೇಳಬೇಕೆಂಬುದನ್ನು ತಾಯಿಯವರು ಒಂದೊಂದೇ ಶಬ್ದವಾಗಿ ಹೇಳಿಕೊಟ್ಟರು. ಊರಿಗೆಲ್ಲ ಅಕ್ಷರ ಕಲಿಸಿದ ಮಾಸ್ತರರು ನೆಲಕ್ಕೆ ಕೂತು, ತೊದಲುತ್ತ ಕೇಳಿದರು. ಆಕೆ ಕೌದಿ ಬದಿಗೆ ಸರಿಸಿ ಅವರತ್ತ ತಿರುಗಿದಳು. ಆಮೇಲೆ ಮೆಲ್ಲಗೆ “ಖಿನ್ ಮ್ಯಾ” ಎಂದಳು.

ಮಾಸ್ತರರು ಹೇಳಿದರು, ತಪ್ಪಿತು. ಇನ್ನೊಮ್ಮೆ ಹೇಳಿದರು, ಆಗಲೂ ತಪ್ಪಿತು. ಐದನೆಯ ಸಲ ಸರಿಯಾಗಿ ಬಂದಾಗ, ಯಾರೋ ತನ್ನನ್ನು ದೂರದಿಂದ ಕೂಗಿ ಕರೆದರೆಂಬಂತೆ ಆಕೆ ಓಗೊಟ್ಟಳು.