ಗೂಟ ಬಿಟ್ಟ ಫೋನು

ಎಣ್ಣೆ ಗಿರಣಿಯೊಂದರಲ್ಲಿ ಹಳೆಯ ಫೋನುಗಳ ಕಾಲ ಮುಗಿದು ಇಂಟರ್‌ನೆಟ್ ತಂತಿಗೆ ಸಿಕ್ಕಿಸುವ ಫೋನುಗಳು ಬಂದವು. ಬಾಯ್ಲರ್ ಕೋಣೆಗೆ ಬಂದ ಹೊಸ ಫೋನು, ಗೋಡೆಯಿಂದ ಇನ್ನೂ ಕಳಚದೆ ಉಳಿದಿದ್ದ ಹಳೆಯ ಫೋನನ್ನು ಕಂಡು ನಕ್ಕಿತು.

"ಹಿರಿಯರೇ, ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಒಂದೇ ಗೋಡೆಗೆ ಬಿದ್ದಿದ್ದೀರಲ್ಲ! ನನ್ನನ್ನು ಯಾವ ಕೋಣೆಗೆ ಒಯ್ದು ಸಿಕ್ಕಿಸಿದರೂ ನನ್ನ ನಂಬರು ನನ್ನ ಜೊತೆಗೇ ಬರುತ್ತದೆ."

"ಆಗಲಿ ತಮ್ಮಾ," ಎಂದಿತು ಹಳೆಯದು. "ಆದರೆ ಎಲ್ಲಿಗೆ ಹೋದರೂ ಗೇಟಿನವರಿಗೆ ಹೇಳಿ ಹೋಗು."

ಹೇಳುವುದೇನು ಬಂತು ಎಂದುಕೊಂಡಿತು ಹೊಸ ಫೋನು. ಸ್ವಲ್ಪ ದಿನಕ್ಕೆ ಯಾರೋ ಅದನ್ನು ಹಿಂಡಿಯ ಮೂಟೆಗಳ ಗೋದಾಮಿಗೆ ಒಯ್ದು ಇಟ್ಟುಕೊಂಡರು. ಅದು ಯಾರಿಗೂ ಹೇಳಲಿಲ್ಲ, ಒಯ್ದವರೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಗೋದಾಮಿನಲ್ಲಿ ಒಬ್ಬನೇ ಮೂಟೆ ಜೋಡಿಸುತ್ತಿದ್ದ ಹಮಾಲಿ ಫಕೀರಪ್ಪನಿಗೆ ಎದೆ ಹಿಡಿದುಕೊಂಡಿತು. ಕುಸಿಯುತ್ತಲೇ ರಿಸೀವರ್ ಎತ್ತಿ ಗೇಟಿನ ನಂಬರು ಒತ್ತಿದ, ಮಾತು ಹೊರಡಲಿಲ್ಲ. ಕಾವಲುಗಾರನಿಗೆ ಕೇಳಿಸಿದ್ದು ನರಳಾಟ ಮಾತ್ರ. ಅವನ ಫೋನಿನ ಪರದೆ, ಆ ನಂಬರಿಗೆ ಮೊದಲು ಬರೆದಿಟ್ಟಿದ್ದಂತೆ, "ಬಾಯ್ಲರ್ ಕೋಣೆ" ಎಂದೇ ತೋರಿಸುತ್ತಿತ್ತು. ಇದ್ದಬದ್ದವರೆಲ್ಲ ಅಲ್ಲಿಗೆ ಓಡಿದರು.

"ಇಲ್ಲಿ! ಗೋದಾಮಿಗೆ ಬನ್ನಿ!" ಎಂದು ಹೊಸ ಫೋನು ಕೂಗಿಕೊಂಡಿತು. ಊರ ಮಾತನ್ನೆಲ್ಲ ಸಾಗಿಸುವ ಅದಕ್ಕೆ ತನ್ನದೊಂದು ಮಾತು ಸಾಗಿಸಲಾಗಲಿಲ್ಲ. ಜನ ಹುಡುಕಿಕೊಂಡು ಬರುವಷ್ಟರಲ್ಲಿ ಫಕೀರಪ್ಪನ ಕೈ ತಣ್ಣಗಾಗಿತ್ತು.

ಸಂಜೆ ಅದನ್ನು ಮತ್ತೆ ಬಾಯ್ಲರ್ ಕೋಣೆಗೆ ತಂದಿಟ್ಟರು.

"ಹಿರಿಯರೇ, ಅವರು ಇಲ್ಲಿಗೆ ಬಂದಿದ್ದರೇ?"

"ಬಂದಿದ್ದರು. ನನ್ನೆದುರು ನಿಂತು, ಎಲ್ಲಿದ್ದೀಯಪ್ಪಾ, ಎಂದು ಕೂಗಿದರು," ಎಂದಿತು ಹಳೆಯದು. "ನೀನು ನಕ್ಕ ಗೂಟವನ್ನೇ ನಂಬಿ ಓಡಿ ಬಂದಿದ್ದರು, ತಮ್ಮಾ."